‘ಅಲ್ಲಲ್ಲಿ ಮಳೆ’ ಅಂದ್ರೆ ನಮ್ಮ ಹೊಲಕ್ಕೆ ಎಷ್ಟು?

ಉಳ್ಳಾಗಡ್ಡಿ ಕಿತ್ತು ಹೊಲದಲ್ಲಿ ಸಾಲು ಹಾಕಿ ಎರಡನೇ ದಿನ. ಬೆಳಿಗ್ಗೆ ಎದ್ದು ಫೋನ್ ನೋಡಿದೆ. ಅರ್ಧ ಸೂರ್ಯ, ಅರ್ಧ ಮೋಡ, ಕೆಳಗೆ ಎರಡು ಹನಿ, ಪಕ್ಕದಲ್ಲಿ 30%. ಪೇಪರಿನಲ್ಲಿ ‘ಉತ್ತರ ಒಳನಾಡಿನ ಅಲ್ಲಲ್ಲಿ ಹಗುರ ಮಳೆ ಸಾಧ್ಯತೆ’ ಅಂತ ಒಂದು ಸಾಲು. ನೂರಕ್ಕೆ ಎಪ್ಪತ್ತು ಪಾಲು ಬರಲ್ಲ ಅಂತ ತಾನೇ ಅರ್ಥ, ಅದೂ ಹಗುರ ಮಳೆ ಅಂದುಕೊಂಡು ತಾಡಪತ್ರಿಯನ್ನು ಮನೆಯಲ್ಲೇ ಬಿಟ್ಟು ಗದಗಿಗೆ ಹೋದೆ. ಮಧ್ಯಾಹ್ನ ಮೂರೂವರೆಗೆ ಕಾಕಾ ಫೋನ್ ಮಾಡಿದ್ರು.

“ತಮ್ಮಾ, ಎಲ್ಲಿದ್ದೀಯೋ? ಹೊಲದಾಗ ನೀರು ನಿಂತಾವ ನೋಡು.”

ಮಳೆ ಬಂದದ್ದು ಬರೀ ಇಪ್ಪತ್ತೈದು ನಿಮಿಷ. ಗಾಡಿ ಹೊಡಕೊಂಡು ವಾಪಸ್ ಬರುವಾಗ ನಮ್ಮೂರಿಗೆ ಎರಡು ಕಿಲೋಮೀಟರ್ ಇರೋತನಕ ರಸ್ತೆಯಲ್ಲಿ ಧೂಳು ಏಳುತ್ತಿತ್ತು. ಆಮೇಲೆ ಒಮ್ಮೆಲೇ ಕೆಸರು. ಪಕ್ಕದ ಊರಿನವರ ಉಳ್ಳಾಗಡ್ಡಿ ಒಣಗಿ ಖಡಕ್ ಆಗಿ ಕೂತಿತ್ತು, ನಮ್ಮದು ಎರೆಮಣ್ಣಿನಲ್ಲಿ ಅರ್ಧ ಮುಳುಗಿತ್ತು. ಒಂದು ವಾರದಲ್ಲಿ ಕುತ್ತಿಗೆ ಹತ್ತಿರ ಕೊಳೆ ಶುರುವಾಯ್ತು. ಆರಿಸಿ ಎಸೆದದ್ದು ಸುಮಾರು 40 ಚೀಲ. ಉಳಿದದ್ದಕ್ಕೂ ಪೇಟೆಯಲ್ಲಿ ಬಣ್ಣ ಹೋಗಿದೆ ಅಂತ ರೇಟು ಮುರಿದರು.

ಮರುವರ್ಷ ನಾನು ಶಾಣ್ಯಾ ಆದೆ ಅಂದುಕೊಂಡೆ. ದಿನಾ ‘ಅಲ್ಲಲ್ಲಿ ಮಳೆ’ ಅಂತ ಬರುತ್ತಿತ್ತು, ನಾನು ದಿನಾ ಕೀಳುವುದನ್ನು ಮುಂದೂಡುತ್ತಿದ್ದೆ. ಎಂಟು ದಿನ ನಮ್ಮ ಹೊಲಕ್ಕೆ ಒಂದು ಹನಿ ಬೀಳಲಿಲ್ಲ. ಒಂಬತ್ತನೇ ದಿನ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಆಗಿ ಮೂರು ದಿನ ಜಿಟಿಜಿಟಿ ಹಿಡೀತು. ಬಲಿತ ಗಡ್ಡೆ ಮಣ್ಣಿನಲ್ಲೇ ಇತ್ತಲ್ಲ, ಮತ್ತೆ ಬೇರು ಬಿಟ್ಟಿತು.

ಎರಡು ವರ್ಷ, ಎರಡು ಉಲ್ಟಾ ತಪ್ಪು. ಎರಡಕ್ಕೂ ಕಾರಣ ಒಂದೇ ಶಬ್ದ. ‘ಅಲ್ಲಲ್ಲಿ’ ಅಂದ್ರೆ ಏನು ಅಂತ ನಾನು ಒಮ್ಮೆಯೂ ಕೇಳಿರಲಿಲ್ಲ. ಅದು ಬರೆಯುವವರು ಸುಮ್ಮನೆ ಜಾರಿಕೊಳ್ಳಲು ಹಾಕುವ ಮಾತು ಅಂತ ತಿಳಿದಿದ್ದೆ. ಅಲ್ಲ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಅದಕ್ಕೆ ಅಳತೆ ಇದೆ.

ಲೆಕ್ಕ ಹೀಗಿದೆ. ಒಂದು ಪ್ರದೇಶದಲ್ಲಿ ಮಳೆ ಅಳೆಯುವ ಕೇಂದ್ರಗಳು ಇರುತ್ತವೆ. ಒಂದು ದಿನದಲ್ಲಿ ಅವುಗಳಲ್ಲಿ ಎಷ್ಟು ಕೇಂದ್ರಗಳು 2.5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಮಳೆ ಕಾಣುತ್ತವೆ ಅನ್ನುವುದರ ಮೇಲೆ ನಾಲ್ಕು ಮಾತು ಮಾಡಿದ್ದಾರೆ. ನೂರಕ್ಕೆ 25ರವರೆಗಿನ ಕೇಂದ್ರಗಳಲ್ಲಿ ಮಾತ್ರ ಮಳೆಯಾದರೆ ‘ಒಂದೆರಡು ಕಡೆ’. 26ರಿಂದ 50 ಆದರೆ ‘ಕೆಲವು ಕಡೆ’. 51ರಿಂದ 75 ಆದರೆ ‘ಹಲವು ಕಡೆ’. 76ರಿಂದ ಮೇಲೆ ‘ಬಹುತೇಕ ಕಡೆ’. ಇದನ್ನು ಮಳೆಯ ಹರವು ಅನ್ನೋಣ. ಎಷ್ಟು ಜೋರು ಅನ್ನುವುದು ಬೇರೆ, ಎಷ್ಟು ಜಾಗಕ್ಕೆ ಅನ್ನುವುದು ಬೇರೆ. ನಾನು ಇವೆರಡನ್ನೂ ಕಲಸಿಬಿಟ್ಟಿದ್ದೆ. ‘ಒಂದೆರಡು ಕಡೆ’ ಅಂದ್ರೆ ಸಣ್ಣ ಮಳೆ ಅಂತ ಅಲ್ಲ. ಒಂದೆರಡು ಕಡೆ ಬಿದ್ದರೂ ಬಿದ್ದ ಕಡೆ ಕಾಲುವೆ ಹರಿಯುವಷ್ಟು ಬೀಳಬಹುದು.

ನಮ್ಮ ಪೇಪರು, ಟೀವಿಯವರ ಮೇಲೆ ನನಗೆ ಇರುವ ತಕರಾರು ಇದೇ. ಮೊದಲ ಎರಡು ಮಾತುಗಳನ್ನೂ ಸೇರಿಸಿ ‘ಅಲ್ಲಲ್ಲಿ’ ಅಂತ ಬರೆದುಬಿಡ್ತಾರೆ. ನೂರಕ್ಕೆ 10 ಇದ್ದರೂ ಅಲ್ಲಲ್ಲಿ, 45 ಇದ್ದರೂ ಅಲ್ಲಲ್ಲಿ. ಕೊಯ್ಲಿಗೆ ನಿಂತವನಿಗೆ ಇವೆರಡರ ನಡುವೆ ಭೂಮಿ-ಆಕಾಶದ ಅಂತರ. ಅದಕ್ಕೇ ಈಗ ನಾನು ಪೇಪರಿನ ಸಾಲು ಬಿಟ್ಟು ಇಲಾಖೆಯ ಮೂಲ ಬುಲೆಟಿನ್ ಅನ್ನೇ ಫೋನಿನಲ್ಲಿ ನೋಡುತ್ತೇನೆ. ಜಿಲ್ಲಾವಾರು ಕೋಷ್ಟಕ ಇರುತ್ತದೆ, ಓದಲು ಎರಡು ನಿಮಿಷ.

ಜೋರಿನ ಮಾತಿಗೂ ಅಳತೆ ಇದೆ. 24 ಗಂಟೆಯಲ್ಲಿ 2.5ರಿಂದ 15.5 ಮಿ.ಮೀ. ಹಗುರ ಮಳೆ. 15.6ರಿಂದ 64.4 ಸಾಧಾರಣ. 64.5 ದಾಟಿದರೆ ಭಾರಿ, 115.6 ದಾಟಿದರೆ ಅತಿ ಭಾರಿ. ಈ ‘ಹಗುರ’ ಅನ್ನೋ ಮಾತು ನನ್ನನ್ನು ಮೋಸ ಮಾಡಿತ್ತು. ಒಂದು ಎಕರೆ ಮೇಲೆ ಬರೀ 2.5 ಮಿ.ಮೀ. ಬಿದ್ದರೂ ಸುಮಾರು 10,000 ಲೀಟರ್ ನೀರು, ಎರಡು ದೊಡ್ಡ ಟ್ಯಾಂಕರ್ ಖಾಲಿ ಮಾಡಿದ ಹಾಗೆ. 15 ಮಿ.ಮೀ. ಬಿದ್ದರೆ 60,000 ಲೀಟರ್. ಅದೂ ‘ಹಗುರ’ವೇ. ನಿಂತ ಜೋಳಕ್ಕೆ ಅದು ಹಗುರ, ಕಿತ್ತು ಹಾಕಿದ ಉಳ್ಳಾಗಡ್ಡಿಗೆ ಅಲ್ಲ. ‘ಸಾಧಾರಣ’ ಅಂತೂ ಕೇಳಲೇಬೇಡಿ, 60 ಮಿ.ಮೀ. ಬಿದ್ದರೆ ನಮ್ಮ ಎರೆ ಹೊಲಕ್ಕೆ ನಾಲ್ಕು ದಿನ ಕಾಲಿಡಲು ಆಗಲ್ಲ.

ಇನ್ನೊಂದು ಸಣ್ಣ ಸಂಗತಿ. ಇಲಾಖೆಯ ದಿನ ಶುರುವಾಗುವುದು ಮಧ್ಯರಾತ್ರಿ 12ಕ್ಕಲ್ಲ, ಬೆಳಿಗ್ಗೆ 8:30ಕ್ಕೆ. ಬುಧವಾರಕ್ಕೆ ಮಳೆ ಅಂತ ಇದ್ದು ಬುಧವಾರ ಹಗಲು ಬರದೇ ಗುರುವಾರ ಬೆಳಗಿನ ಜಾವ ಬಂದರೆ ಮುನ್ಸೂಚನೆ ಸುಳ್ಳಾಯ್ತು ಅಂತ ಬೈಯುತ್ತೇವೆ. ಅದರ ಲೆಕ್ಕದಲ್ಲಿ ಅದು ನಿಜವೇ.

ಕಾಕಾಗೆ ಇದನ್ನೆಲ್ಲ ಹೇಳಿದಾಗ ಅವರು ನಕ್ಕರು. “ಇದಕ್ಕ ಇಷ್ಟು ಓದಬೇಕೇನೋ? ಕುರುಡು ಚಿತ್ತಿ, ಎರಚಿದತ್ತ ಬೆಳೆ.” ನಮ್ಮ ಉಳ್ಳಾಗಡ್ಡಿ ಕೀಳುವ ಹೊತ್ತಿಗೆ, ಅಕ್ಟೋಬರ್ ನಡುವಿನಲ್ಲಿ ಚಿತ್ತಾ ಮಳೆ. ಕಣ್ಣು ಕಾಣದವಳು ಕೈಯಲ್ಲಿದ್ದದ್ದನ್ನು ಎಲ್ಲೋ ಎರಚಿದ ಹಾಗೆ ಆ ಮಳೆ. ಒಂದು ಹೊಲಕ್ಕೆ ಬಿತ್ತು, ಬದು ದಾಟಿದರೆ ಇಲ್ಲ. ಹಿರಿಯರು ಹರವಿನ ಲೆಕ್ಕವನ್ನು ಒಂದೇ ಸಾಲಿನಲ್ಲಿ ಹೇಳಿಬಿಟ್ಟಿದ್ದಾರೆ. ಪರ್ಸೆಂಟೇಜ್ ಮಾತ್ರ ಹಾಕಿಲ್ಲ.

ಚಿತ್ತಿ ಯಾಕೆ ಕುರುಡು? ಮುಂಗಾರಿನ ಜೋರಿನಲ್ಲಿ ಸಮುದ್ರದಿಂದ ಬರುವ ಪಡುವಣ ಗಾಳಿ ಮೋಡವನ್ನು ದೊಡ್ಡ ಹಾಸಿಗೆಯಂತೆ ಹಾಸುತ್ತದೆ, ತಾಲೂಕಿಗೆ ತಾಲೂಕೇ ತೊಯ್ಯುತ್ತದೆ. ಅಕ್ಟೋಬರ್‌ನಲ್ಲಿ ಮುಂಗಾರು ಹಿಂದೆ ಸರಿಯುತ್ತದೆ, ಗಾಳಿ ತಿರುಗಿ ಮೂಡಣದಿಂದ ಬಂಗಾಳ ಕೊಲ್ಲಿಯ ಹಸಿ ತರುತ್ತದೆ. ಬೆಳಿಗ್ಗೆ ಆಕಾಶ ಸ್ವಚ್ಛ, ಬಿಸಿಲು ಚುರುಕು. ನೆಲ ಕಾಯುತ್ತದೆ. ಎಲ್ಲ ಕಡೆ ಒಂದೇ ಥರ ಕಾಯುವುದಿಲ್ಲ, ಖಾಲಿ ಎರೆ ಹೊಲ ಬೇಗ ಕಾಯುತ್ತದೆ, ಕೆರೆ ಮತ್ತು ಹಸಿರು ಕಬ್ಬು ಇದ್ದ ಕಡೆ ನಿಧಾನ. ಹೆಚ್ಚು ಕಾದ ಕಡೆಯಿಂದ ಹಸಿ ಗಾಳಿ ಬುಗ್ಗೆಯಂತೆ ಮೇಲೇಳುತ್ತದೆ. ಮೇಲೆ ಹೋದಂತೆ ತಣ್ಣಗಾಗಿ ಮೋಡ ಆಗುತ್ತದೆ. ಆವಿ ಹನಿಯಾಗುವಾಗ ಬಿಡುವ ಶಾಖ ಆ ಬುಗ್ಗೆಗೆ ಇನ್ನಷ್ಟು ಬಲ ಕೊಡುತ್ತದೆ. ಹೀಗೆ ಬೆಳೆದ ಗುಡುಗಿನ ಮೋಡ ಹತ್ತು ಕಿಲೋಮೀಟರ್‌ಗಿಂತ ಎತ್ತರಕ್ಕೆ ಹೋಗಬಹುದು. ಅಗಲ ಮಾತ್ರ ಕೆಲವೇ ಕಿಲೋಮೀಟರ್. ಒಂಟಿ ಮೋಡದ ಆಯುಷ್ಯ ಹೆಚ್ಚುಕಡಿಮೆ ಒಂದು ಗಂಟೆ. ಹುಟ್ಟಿ, ಸುರಿದು, ಸತ್ತೂ ಹೋಗುತ್ತದೆ.

ಸಾಯುವಾಗ ಇನ್ನೊಂದು ಕೆಲಸ ಮಾಡಿ ಹೋಗುತ್ತದೆ. ಮಳೆಯ ಜೊತೆ ತಣ್ಣನೆಯ ಗಾಳಿ ಕೆಳಗೆ ಬಿದ್ದು ನೆಲದ ಮೇಲೆ ನಾಲ್ಕೂ ಕಡೆ ಹರಡುತ್ತದೆ. ಸೆಕೆಯಲ್ಲಿ ಕೂತಿದ್ದಾಗ ಒಮ್ಮೆಲೇ ತಂಪು ಗಾಳಿ, ಅದರ ಜೊತೆ ಮಣ್ಣಿನ ವಾಸನೆ ಬರುತ್ತದಲ್ಲ, ಅದೇ ಇದು. ಈ ತಣ್ಣನೆ ಗಾಳಿ ಮುಂದಿನ ಬಿಸಿ ಗಾಳಿಯನ್ನು ಕೆಳಗಿನಿಂದ ಎತ್ತುತ್ತದೆ, ಅಲ್ಲಿ ಹೊಸ ಮೋಡ ಏಳುತ್ತದೆ. ಆದ್ದರಿಂದ ಮಳೆ ನಡೆದುಕೊಂಡು ಬರುವುದಿಲ್ಲ, ಹಾರಿ ಹಾರಿ ಬೀಳುತ್ತದೆ. ನಡುವಿನ ಊರು ಒಣಗಿರುತ್ತದೆ.

ಈಗ ಕಂಪ್ಯೂಟರ್ ಲೆಕ್ಕದ ಕಡೆ ಬನ್ನಿ. ಹವಾಮಾನದ ಮಾದರಿಗಳು ನಾಡನ್ನು ಚೌಕ ಚೌಕ ಮಾಡಿ ಲೆಕ್ಕ ಹಾಕುತ್ತವೆ. ನಮ್ಮ ದೇಶದಲ್ಲಿ 2025ರ ಮೇ ತಿಂಗಳಲ್ಲಿ ಶುರುವಾದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್‌ನ ಚೌಕ 6 ಕಿಲೋಮೀಟರ್‌ನದು, ಅದಕ್ಕೂ ಮೊದಲು 12 ಇತ್ತು. ಇದು ದೊಡ್ಡ ಸುಧಾರಣೆ. ಆದರೂ ಮಧ್ಯಾಹ್ನ ಮೂರಕ್ಕೆ ಹುಟ್ಟಿ ನಾಲ್ಕಕ್ಕೆ ಸಾಯುವ ಒಂದು ಮೋಡ ನಮ್ಮ ಬದುವಿನ ಈಚೆಯೋ ಆಚೆಯೋ ಅಂತ ಹಿಂದಿನ ದಿನ ಹೇಳಲು ಅದರಿಂದಾಗದು. ಈ ಭಾಗದಲ್ಲಿ ಇಂಥ ಮೋಡ ಏಳುವ ಹವೆ ಇದೆಯೋ ಇಲ್ಲವೋ, ಎಷ್ಟು ಏಳಬಹುದು ಅಂತ ಹೇಳಲು ಆಗುತ್ತದೆ. ಆ ಉತ್ತರವೇ ‘ಕೆಲವು ಕಡೆ’.

2024ರ ಅಕ್ಟೋಬರ್‌ನಿಂದ ಗ್ರಾಮ ಪಂಚಾಯಿತಿ ಮಟ್ಟದ ಮುನ್ಸೂಚನೆಯೂ ಸಿಗುತ್ತಿದೆ. ಇ-ಗ್ರಾಮಸ್ವರಾಜ್ ಪೋರ್ಟಲ್‌ನಲ್ಲಿ, ‘ಮೇರಿ ಪಂಚಾಯತ್’ ಆ್ಯಪ್‌ನಲ್ಲಿ ನೋಡಬಹುದು. ಉಷ್ಣಾಂಶ, ಗಾಳಿಗೆ ನನಗೆ ಅದು ಚೆನ್ನಾಗಿ ಉಪಯೋಗಕ್ಕೆ ಬಂದಿದೆ. ಚಿತ್ತಿ ಮಳೆಗೆ ಮಾತ್ರ, ಪಂಚಾಯಿತಿ ಹೆಸರು ಬರೆದಿದೆ ಅಂತ ಅದನ್ನು ನಮ್ಮ ಹೊಲದ ಚೀಟಿ ಅಂದುಕೊಳ್ಳಬೇಡಿ.

ಹಾಗಾದ್ರೆ ಕಿತ್ತ ಉಳ್ಳಾಗಡ್ಡಿಯನ್ನು ಮುಚ್ಚಬೇಕೋ ಬೇಡವೋ? ಇಲ್ಲಿ ನಾನು ಮಳೆ ಬರುತ್ತೋ ಇಲ್ವೋ ಅಂತ ಕೇಳುವುದನ್ನೇ ಬಿಟ್ಟೆ. ಎರಡು ಖರ್ಚು ಬರೆಯುತ್ತೇನೆ. ಸಂಜೆಗೆ ಸಾಲುಗಳನ್ನು ಕೂಡಿಸಿ ಗುಡ್ಡೆ ಮಾಡಿ, ತಾಡಪತ್ರಿ ಮುಚ್ಚಿ, ಮರುದಿನ ಮತ್ತೆ ಬಿಚ್ಚಿ ಹರಡಲು ಆಳಿನ ಕೂಲಿ ಸೇರಿ ನನಗೆ ಸುಮಾರು ₹2,000 ಬೀಳುತ್ತದೆ. ಮುಚ್ಚದೇ ಮಳೆ ಬಿದ್ದರೆ ಆಗುವ ಹಾನಿ, ಕಡಿಮೆ ಹಿಡಿದರೂ ₹20,000. ಎರಡು ಸಾವಿರ ಇಪ್ಪತ್ತು ಸಾವಿರದ ಹತ್ತನೇ ಒಂದು ಪಾಲು, ಅಂದ್ರೆ ನೂರಕ್ಕೆ 10. ನಮ್ಮ ಹೊಲಕ್ಕೆ ಮಳೆ ಬೀಳುವ ಸಾಧ್ಯತೆ ನೂರಕ್ಕೆ 10ಕ್ಕಿಂತ ಹೆಚ್ಚಿದ್ದರೆ ಮುಚ್ಚುವುದೇ ಲಾಭ. ಹತ್ತು ಸಲ ಮುಚ್ಚಿ ಎಂಟು ಸಲ ಮಳೆ ಬರದಿದ್ದರೂ ನಾನು ಸೋತಿಲ್ಲ.

ಆ ಸಾಧ್ಯತೆ ಎಲ್ಲಿಂದ ತರುವುದು? ಹರವಿನ ಮಾತೇ ಅಂದಾಜು ಕೊಡುತ್ತದೆ. ‘ಕೆಲವು ಕಡೆ’ ಅಂದ್ರೆ ನೂರರಲ್ಲಿ 26ರಿಂದ 50 ಕೇಂದ್ರ. ನಮ್ಮ ಹೊಲವೂ ಅಂಥ ಒಂದು ಜಾಗ ಅಂತ ಹಿಡಿದರೆ ಸುಮಾರು ಮೂರಕ್ಕೆ ಒಂದು ಪಾಲು. ಮುನ್ಸೂಚನೆಯೇ ತಪ್ಪುವ ಸಾಧ್ಯತೆಗೆ ಸ್ವಲ್ಪ ಕಳೆಯಿರಿ, ಆದರೂ 10ಕ್ಕಿಂತ ಮೇಲೆಯೇ ಇರುತ್ತದೆ. ಫೋನಿನಲ್ಲಿ ಕಾಣುವ 30% ಕೂಡ ಇದೇ ಥರದ್ದು. ದಿನದ ನೂರಕ್ಕೆ 30 ಭಾಗ ಮಳೆ ಅಂತಲ್ಲ, ನೀರು 30 ಭಾಗ ಅಂತಲ್ಲ. ಇಂಥ ಹತ್ತು ದಿನ ಬಂದರೆ ಮೂರು ದಿನ ಅಲ್ಲಿ ಮಳೆ ಆಗಬಹುದು ಅಂತ. ನಾನು ಗದಗಿಗೆ ಹೋದ ದಿನ ಆ ಮೂರರಲ್ಲಿ ಒಂದು.

ಅದೇ ಮುನ್ಸೂಚನೆಗೆ ಔಷಧಿ ಹೊಡೆಯುವವನ ಉತ್ತರ ಬೇರೆ. ಮಳೆ ಬಂದರೆ ತೊಳೆದು ಹೋಗುವುದು ಒಂದು ಸಿಂಪರಣೆಯ ಖರ್ಚು, ಒಂದು ದಿನ ತಡ ಮಾಡಿದರೆ ಆಗುವ ನಷ್ಟ ಎಷ್ಟೋ ಸಲ ಅದಕ್ಕಿಂತ ಕಡಿಮೆ. ಜೊತೆಗೆ ಚಿತ್ತಿ ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆಯೇ. ಇಬ್ಬನಿ ಆರಿದ ಕೂಡಲೇ ಬೆಳಿಗ್ಗೆ ಹೊಡೆದು ಮುಗಿಸಿದರೆ ಅಂಟಿಕೊಳ್ಳಲು ಕೆಲವು ಗಂಟೆ ಸಿಗುತ್ತದೆ. ಎಷ್ಟು ಗಂಟೆ ಬೇಕು ಅಂತ ಡಬ್ಬಿಯ ಮೇಲೆ ಬರೆದಿರುತ್ತದೆ, ಓದಿ. ಇನ್ನು ಕಡಲೆ ಬಿತ್ತಲು ಕಾಯುತ್ತಿರುವವರು: ‘ಒಂದೆರಡು ಕಡೆ ಮಳೆ’ಯನ್ನು ನಂಬಿ ಒಣ ಮಣ್ಣಿಗೆ ಬೀಜ ಹಾಕಬೇಡಿ. ಅಲ್ಲಿ ನಾಲ್ಕರಲ್ಲಿ ಮೂರು ಪಾಲು ಜಾಗಕ್ಕೆ ಮಳೆ ಇಲ್ಲ ಅನ್ನುವುದೇ ಮುಖ್ಯ ಸುದ್ದಿ.

ಈಗ ನನ್ನ ದಿನಚರಿ. ಸಂಜೆ ಇಲಾಖೆಯ ಐದು ದಿನದ ಕೋಷ್ಟಕ ನೋಡುತ್ತೇನೆ. ಒಂದು ದಿನದ ಮಾತಿಗಿಂತ ಮಾತು ಬದಲಾಗುವ ದಿಕ್ಕು ಮುಖ್ಯ. ಇವತ್ತು ‘ಒಂದೆರಡು’, ನಾಳೆ ‘ಕೆಲವು’, ನಾಡಿದ್ದು ‘ಹಲವು ಕಡೆ’ ಅಂತ ಏರುತ್ತಿದ್ದರೆ ಅದು ಕುರುಡು ಚಿತ್ತಿಯಲ್ಲ, ಹಿಂದೆ ದೊಡ್ಡದೇನೋ ಬರುತ್ತಿದೆ, ಹೆಚ್ಚಾಗಿ ಕೊಲ್ಲಿಯಲ್ಲಿ ವಾಯುಭಾರ ಕುಸಿತ. ಆಗ ಹೊಸದಾಗಿ ಕೀಳುವುದಿಲ್ಲ, ಕಿತ್ತದ್ದನ್ನು ಅವತ್ತೇ ಸೂರಿನ ಕೆಳಗೆ ಸಾಗಿಸುತ್ತೇನೆ. ಎರಡನೇ ವರ್ಷ ನಾನು ನೋಡದೇ ಬಿಟ್ಟದ್ದು ಇದನ್ನೇ. ಮೊದಲ ಎಂಟು ದಿನದಲ್ಲಿ ಕಿತ್ತು, ದಿನಾ ಸಂಜೆ ಮುಚ್ಚಿಕೊಂಡಿದ್ದರೆ ಒಂಬತ್ತನೇ ದಿನಕ್ಕೆ ಮಾಲು ಮನೆಯಲ್ಲಿರುತ್ತಿತ್ತು. ಕೃಷಿ ಸಲಹೆಯ ಜೊತೆ ಬೇಕಾದರೆ ಮಂಗಳವಾರ ಮತ್ತು ಶುಕ್ರವಾರದ ಬುಲೆಟಿನ್ ‘ಮೇಘದೂತ್’ ಆ್ಯಪ್‌ನಲ್ಲಿ ಬರುತ್ತದೆ.

ಬೆಳಿಗ್ಗೆ ಹತ್ತಕ್ಕೆ ಕೆಎಸ್‌ಎನ್‌ಡಿಎಂಸಿ, ಅಂದರೆ ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ಲೆಕ್ಕ ನೋಡುತ್ತೇನೆ. ಅವರು ಗ್ರಾಮ ಪಂಚಾಯಿತಿಗೊಂದರಂತೆ ಮಳೆಮಾಪಕ ಕೂರಿಸಿದ್ದಾರೆ. ನಿನ್ನೆ ನಮ್ಮ ಸುತ್ತ ಎಷ್ಟು ಪಂಚಾಯಿತಿಗೆ ಬಿತ್ತು ಅಂತ ಎಣಿಸಿದರೆ ಹರವು ಕಣ್ಣಿಗೆ ಕಾಣುತ್ತದೆ. ಫೋನ್ ಮಾಡಿ ಕೇಳುವುದಾದರೆ ಅವರ ‘ವರುಣಮಿತ್ರ’ ಸಹಾಯವಾಣಿ 92433 45433. ನಿಮ್ಮ ಹೋಬಳಿ, ಪಂಚಾಯಿತಿ ಹೆಸರು ಹೇಳಿ ಕೇಳಿರಿ, ಕನ್ನಡದಲ್ಲೇ ಹೇಳ್ತಾರೆ. ಕೇಳುವಾಗ “ಮಳಿ ಬರ್ತದೇನ್ರಿ?” ಅಂತ ಕೇಳಬೇಡಿ. “ನಮ್ಮ ಕಡೆ ಒಂದೆರಡು ಕಡೆಯೋ, ಕೆಲವು ಕಡೆಯೋ?” ಅಂತ ಕೇಳಿ.

ಹನ್ನೊಂದರಿಂದ ಹನ್ನೆರಡರ ನಡುವೆ ಫೋನ್ ಜೇಬಿಗೆ ಹಾಕಿ ಆಕಾಶ ನೋಡಬೇಕು. ಹತ್ತಿಯಂತೆ ಚಪ್ಪಟೆ ತುಣುಕು ಮೋಡಗಳು ಹಾಗೇ ತೇಲುತ್ತಿದ್ದರೆ ಸದ್ಯಕ್ಕೆ ಚಿಂತೆ ಇಲ್ಲ. ಮಧ್ಯಾಹ್ನಕ್ಕೆ ಮೊದಲೇ ಹೂಕೋಸಿನಂತೆ ಗಂಟು ಗಂಟಾಗಿ ಮೇಲಕ್ಕೆ ಏಳತೊಡಗಿದರೆ ಅವತ್ತು ಆಳುಗಳನ್ನು ಎರಡು ಗಂಟೆಗೇ ಗುಡ್ಡೆ ಮಾಡಲು ಹಚ್ಚುತ್ತೇನೆ. ಮೋಡದ ತಲೆ ಚಪ್ಪಟೆಯಾಗಿ ಕಮ್ಮಾರನ ಅಡಿಗಲ್ಲಿನಂತೆ ಹರಡಿತು ಅಂದ್ರೆ ಅದು ಪೂರ್ತಿ ಬಲಿತಿದೆ. ಮೂಡಣ ದಿಕ್ಕನ್ನೇ ಹೆಚ್ಚು ನೋಡಿ, ಈ ತಿಂಗಳಲ್ಲಿ ಅವು ಸಾಮಾನ್ಯವಾಗಿ ಆ ಕಡೆಯಿಂದಲೇ ಬರುತ್ತವೆ.

ಆಮೇಲೆ ನೌಕಾಸ್ಟ್. ಮುಂದಿನ ಮೂರು ಗಂಟೆಗಷ್ಟೇ ಇಲಾಖೆ ಕೊಡುವ ಸೂಚನೆ ಇದು, ಮೂರು ಮೂರು ಗಂಟೆಗೆ ಹೊಸದಾಗುತ್ತದೆ. ಹಿಂದಿನ ದಿನದ ಮುನ್ಸೂಚನೆಗೂ ಇದಕ್ಕೂ ಇರುವ ವ್ಯತ್ಯಾಸ ದೊಡ್ಡದು: ಇಲ್ಲಿ ಹುಟ್ಟಲಿರುವ ಮೋಡದ ಲೆಕ್ಕಕ್ಕಿಂತ ಹುಟ್ಟಿಬಿಟ್ಟ ಮೋಡವನ್ನು ರಾಡಾರ್, ಉಪಗ್ರಹದಲ್ಲಿ ಕಂಡು ಹೇಳುತ್ತಾರೆ. ಹಳದಿ ಬಣ್ಣ ಬಂದರೆ ಗಮನ ಇಡಿ, ಕಿತ್ತಳೆ ಬಂದರೆ ತಯಾರಾಗಿ, ಕೆಂಪು ಬಂದರೆ ತಕ್ಷಣ ಕ್ರಮ ತಗೊಳ್ಳಿ ಅಂತ. ರಾಡಾರ್ ಚಿತ್ರವನ್ನು ನೀವೇ ತೆರೆದು ನೋಡುವುದಾದರೆ ಒಂದು ಮಿತಿ ನೆನಪಿರಲಿ. ನಮ್ಮ ಗದಗ ಭಾಗಕ್ಕೆ ಗೋವಾದ ರಾಡಾರ್ ಸುಮಾರು 190 ಕಿಲೋಮೀಟರ್ ದೂರ. ಭೂಮಿ ಗುಂಡಗಿರುವುದರಿಂದ ಅಷ್ಟು ದೂರ ಬರುವಷ್ಟರಲ್ಲಿ ಅದರ ಕಿರಣ ಮೂರು ಕಿಲೋಮೀಟರ್‌ಗಿಂತ ಮೇಲೆ ಹೋಗಿರುತ್ತದೆ. ಎತ್ತರದ ಗುಡುಗಿನ ಮೋಡ ಕಾಣುತ್ತದೆ, ಕೆಳಮಟ್ಟದ ಜಿಟಿಜಿಟಿ ಮಳೆಯ ಮೋಡ ತಪ್ಪಿಹೋಗಬಹುದು. ಪರದೆ ಖಾಲಿ ಇದೆ ಅಂತ ತಾಡಪತ್ರಿ ತೆಗೆಯಬೇಡಿ.

ತಂಪು ಗಾಳಿ ಮುಖಕ್ಕೆ ಬಡಿದ ಮೇಲೆ ಸಿಗುವುದು ಕೆಲವೇ ನಿಮಿಷ. ಆ ಹೊತ್ತಿನಲ್ಲಿ ಗುಡುಗು ಕೇಳುತ್ತಿದ್ದರೆ ಉಳ್ಳಾಗಡ್ಡಿಯ ಆಸೆ ಬಿಟ್ಟು ಮನೆಯೊಳಗೆ ಅಥವಾ ಟ್ರ್ಯಾಕ್ಸ್, ಕಾರಿನೊಳಗೆ ಸೇರಿ. ಒಂಟಿ ಮರದ ಕೆಳಗೆ ಬೇಡ, ತೆರೆದ ಟ್ರ್ಯಾಕ್ಟರ್ ಮೇಲೆಯೂ ಬೇಡ. ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಲೆಕ್ಕ. ಮೂವತ್ತರೊಳಗೆ ಕೇಳಿದರೆ ಅಪಾಯ ಹತ್ತಿರವೇ ಇದೆ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಗೆ ಬರಬೇಡಿ. ‘ದಾಮಿನಿ’ ಆ್ಯಪ್ ಸಿಡಿಲಿನ ಎಚ್ಚರಿಕೆ ಕೊಡುತ್ತದೆ, ಆಳುಗಳನ್ನು ಹೊಲಕ್ಕೆ ಕರೆದೊಯ್ಯುವವರ ಫೋನಿನಲ್ಲಿ ಅದು ಇರಲೇಬೇಕು.

ಮುಚ್ಚುವ ಬಗ್ಗೆ ಒಂದೇ ಮಾತು. ತಾಡಪತ್ರಿಯನ್ನು ನೆಲಕ್ಕೆ ಬಿಗಿಯಾಗಿ ಕಟ್ಟಿದರೆ ಒಳಗೆ ಬೆವರಿ, ಮಳೆ ಇಲ್ಲದೆಯೂ ಗಡ್ಡೆ ಕೊಳೆಯುತ್ತದೆ. ಗುಡ್ಡೆಯ ಸುತ್ತ ನೀರು ಹೋಗಲು ಸಣ್ಣ ಕಾಲುವೆ ತೆಗೆದು, ಗಾಳಿ ಬರುವ ಎರಡು ಬದಿಯಲ್ಲಿ ಅಂಚು ಒಂದು ಗೇಣು ಎತ್ತಿಡಿ. ಬೆಳಿಗ್ಗೆ ಬಿಸಿಲು ಬಿದ್ದ ಕೂಡಲೇ ತೆಗೆದು ಹರಡಿ, ಎಲೆ ಗಡ್ಡೆಯ ಮೇಲೆ ಬರುವ ಹಾಗೆ.

ನಾಳೆ ನಾವು ಕೆರೆ ಕಡೆಯ ಹೊಲದ ಉಳ್ಳಾಗಡ್ಡಿ ಕೀಳುತ್ತಿದ್ದೇವೆ. ಇವತ್ತಿನ ಕೋಷ್ಟಕದಲ್ಲಿ ನಮ್ಮ ಜಿಲ್ಲೆಗೆ ಮೂರು ದಿನ ‘ಒಂದೆರಡು ಕಡೆ’ ಅಂತಿದೆ, ಏರುತ್ತಿಲ್ಲ. ಕಾಕಾ ಸಂಜೆ ಬಂದು ಬಾನು ನೋಡಿ, “ನಾಳೆ ಏನೂ ಬರಂಗಿಲ್ಲ ಬಿಡು” ಅಂದ್ರು. ತಾಡಪತ್ರಿ ಆಗಲೇ ಟ್ರೇಲರ್‌ನಲ್ಲಿ ಹಾಕಿದ್ದೇನೆ.